‘ಸಕ್ಕರೆ’ಯಿಂದಲೇ ‘ಶುಗರ್’ ಹುಟ್ಟಿತೇ? ಬೆಲ್ಲದ ಪೊಟ್ಟಣದ ಮೇಲೆ ಏನು ಬರೆಸಬೇಕು?

ಓದುಗರ ಪ್ರಶ್ನೆ

“ನಮ್ಮದು ಮಹಾಲಿಂಗಪುರದ ಹತ್ತಿರದ ಹಳ್ಳಿ. ಅಜ್ಜನ ಕಾಲದಿಂದಲೂ ಮನೆಯಲ್ಲಿ ಬೆಲ್ಲದ ಗಾಣವಿದೆ. ಇದುವರೆಗೆ ಬೆಲ್ಲದ ಪೆಂಟೆಗಳನ್ನು ದಲಾಲಿ ಅಂಗಡಿಗೆ ಹಾಕಿ ಬರುತ್ತಿದ್ದೆವು. ಈ ವರ್ಷದಿಂದ ಒಂದು ಕಿಲೋದ ಪೊಟ್ಟಣ ಮಾಡಿ ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡಬೇಕೆಂದು ನನ್ನ ತಮ್ಮ ಹೊರಟಿದ್ದಾನೆ. ಪೊಟ್ಟಣದ ನಮೂನೆಯಲ್ಲಿ ಎರಡು ಸಾಲು ಹಾಕಿಸಿದ್ದಾನೆ. ಮೇಲೆ, ‘ಇಂಗ್ಲಿಷಿನ ಶುಗರ್ ಹುಟ್ಟಿದ್ದು ನಮ್ಮ ಕನ್ನಡದ ಸಕ್ಕರೆಯಿಂದ’. ಕೆಳಗೆ ಹಸಿರು ಅಕ್ಷರದಲ್ಲಿ, ‘ಶುಗರ್ ಫ್ರೀ’. ಮೊದಲನೆಯದು ಅವನ ಮೊಬೈಲಿಗೆ ಬಂದ ಸಂದೇಶ. ಬ್ರಿಟಿಷರಿಗೆ ಸಕ್ಕರೆ ಎನ್ನಲು ನಾಲಿಗೆ ಹೊರಳದೆ ಶುಗರ್ ಎಂದರಂತೆ. ಒಂಬತ್ತನೆಯ ತರಗತಿಯ ನನ್ನ ಮಗಳು ಶಾಲೆಯಲ್ಲಿ ಇದನ್ನು ಹೇಳಿದಳು. ಇಂಗ್ಲಿಷ್ ಶಿಕ್ಷಕರು ‘ಅದು ಫ್ರೆಂಚಿನಿಂದ ಬಂದದ್ದು’ ಎಂದು ಎಲ್ಲರೆದುರು ತಿದ್ದಿದರು. ಮಗಳು ಅಳುತ್ತ ಮನೆಗೆ ಬಂದಳು. ಯಾರ ಮಾತು ನಿಜ? ಇನ್ನೊಂದು ಸಂಕಟವೂ ಇದೆ. ನಮ್ಮ ಅವ್ವನಿಗೆ ಎಂಟು ವರ್ಷದಿಂದ ಶುಗರ್ ಇದೆ. ಪೊಟ್ಟಣದ ನಮೂನೆ ನೋಡಿದಂದಿನಿಂದ ‘ಬೆಲ್ಲದಲ್ಲಿ ಶುಗರ್ ಇಲ್ಲವಂತಲ್ಲ’ ಎಂದು ಚಹಾಕ್ಕೆ ಬೆಲ್ಲ ಹಾಕಿಕೊಳ್ಳುತ್ತಿದ್ದಾಳೆ. ಅಚ್ಚಿಗೆ ಕೊಡಲು ಹದಿನೈದು ದಿನ ಉಳಿದಿವೆ. ಏನು ಬರೆಸಲಿ?”

ಉತ್ತರ

ತಂಗಿ, ನೀವು ಕೇಳಿದ್ದು ಒಂದು ಪದದ ಹುಟ್ಟಿನ ಬಗ್ಗೆ. ಆದರೆ ಪತ್ರ ಓದಿದ ಕೂಡಲೇ ನನ್ನ ಮನಸ್ಸು ನಿಂತದ್ದು ಕೊನೆಯ ನಾಲ್ಕು ಸಾಲುಗಳಲ್ಲಿ. ಆದ್ದರಿಂದ ಅವ್ವನ ಚಹಾ ಲೋಟದಿಂದಲೇ ಶುರು ಮಾಡುತ್ತೇನೆ. ಬೆಲ್ಲದಲ್ಲಿ ಶುಗರ್ ಇದೆ. ಹೇರಳವಾಗಿ ಇದೆ. ಇವತ್ತೇ ಅವ್ವನಿಗೆ ಇದನ್ನು ತಿಳಿಸಿ ಹೇಳಿ. ಮುಂದಿನ ಸಲ ತೋರಿಸಲು ಹೋದಾಗ, ಎಷ್ಟು ದಿನದಿಂದ ಬೆಲ್ಲದ ಚಹಾ ನಡೆದಿದೆ ಎಂಬುದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ. ನಾನು ವೈದ್ಯನಲ್ಲ. ಮೂವತ್ತೊಂದು ವರ್ಷ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿದವನು, ಪದಗಳ ಬೇರು ಹುಡುಕುವುದನ್ನೇ ಕಸುಬು ಮಾಡಿಕೊಂಡವನು. ಆದರೆ ನಿಮ್ಮ ಅವ್ವ ಮೋಸ ಹೋಗಿರುವುದು ಒಂದು ಪದದಿಂದ, ಅದು ನನ್ನ ಕಸುಬಿಗೆ ಸೇರಿದ ವಿಷಯ.

ಇಂಥದ್ದೇ ಒಂದು ಸಂಗತಿ ನಮ್ಮ ಮನೆಯಲ್ಲೂ ನಡೆದಿತ್ತು. ನನ್ನ ಸೋದರಮಾವನ ಕಾಲಿನ ಹುಣ್ಣು ವಾರಗಟ್ಟಲೆ ಮಾಯಲಿಲ್ಲ. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಸರು, ವಯಸ್ಸು ಬರೆದುಕೊಳ್ಳುತ್ತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು: “ಅಜ್ಜಾ, ಶುಗರ್ ಇದೆಯೇ?” ಮಾವ ತಡವರಿಸದೆ ಹೇಳಿದರು: “ಇಲ್ಲವ್ವ, ಬಿಟ್ಟು ಆರು ತಿಂಗಳಾಯಿತು.” ಅವಳು ‘ಇಲ್ಲ’ ಎಂದು ಬರೆದುಕೊಂಡಳು. ಅವಳು ಕೇಳಿದ್ದು ಕಾಯಿಲೆಯನ್ನು. ಮಾವ ಉತ್ತರಿಸಿದ್ದು ಡಬ್ಬಿಯಲ್ಲಿರುವ ಸಕ್ಕರೆಗೆ. ಅವರು ಸಕ್ಕರೆ ಬಿಟ್ಟು ಗೋಕಾಕದ ಕರದಂಟು ಹಿಡಿದಿದ್ದರು, ಅದು ಬೆಲ್ಲದ್ದು ಎಂಬ ಧೈರ್ಯದಿಂದ. ಪಕ್ಕದಲ್ಲೇ ನಿಂತಿದ್ದ ನನಗೂ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಮರುದಿನ ರಕ್ತಪರೀಕ್ಷೆಯ ವರದಿ ಬಂದಾಗಲೇ ತಿಳಿದದ್ದು. ಅಂದಿನಿಂದ ‘ಶುಗರ್’ ಎಂಬ ಪದ ಎಲ್ಲಿ ಕಿವಿಗೆ ಬಿದ್ದರೂ, ಇಲ್ಲಿ ಯಾವ ಅರ್ಥ ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಬಂದಿದೆ.

ನಮ್ಮ ಕಡೆ ಈ ಒಂದು ಪದ ಮೂರು ಕೆಲಸ ಮಾಡುತ್ತಿದೆ. ಅಡುಗೆಮನೆಯಲ್ಲಿ ಶುಗರ್ ಎಂದರೆ ಕಾರ್ಖಾನೆಯ ಬಿಳಿ ಹರಳು. ಆ ಅರ್ಥದಲ್ಲಿ ಬೆಲ್ಲ ಬೇರೆ, ಶುಗರ್ ಬೇರೆ. ನಿಮ್ಮ ತಮ್ಮ ‘ಶುಗರ್ ಫ್ರೀ’ ಎಂದು ಬರೆಸಿದ್ದು ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಅವನು ಸುಳ್ಳು ಹೇಳಲು ಹೊರಟವನಲ್ಲ ಎಂದು ನನಗೆ ಅನ್ನಿಸುತ್ತದೆ.

ರಸಾಯನಶಾಸ್ತ್ರದವರಿಗೆ ಶುಗರ್ ಒಂದು ಇಡೀ ಮನೆತನದ ಹೆಸರು. ಹಾಲಿನಲ್ಲಿರುವ ಲ್ಯಾಕ್ಟೋಸ್, ಹಣ್ಣಿನ ಫ್ರಕ್ಟೋಸ್, ರಕ್ತದಲ್ಲಿ ಓಡಾಡುವ ಗ್ಲೂಕೋಸ್, ಕಬ್ಬಿನ ಸುಕ್ರೋಸ್ ಎಲ್ಲವೂ ಅದೇ ಮನೆತನದವು. ಸುಕ್ರೋಸ್ ಎಂಬ ಹೆಸರನ್ನು 1857ರಲ್ಲಿ ವಿಲಿಯಂ ಮಿಲ್ಲರ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಕಟ್ಟಿದ್ದು, ಸಕ್ಕರೆಗೆ ಫ್ರೆಂಚರು ಹೇಳುವ ‘ಸುಕ್ರ್’ ಎಂಬ ಮಾತಿನಿಂದ. ಬಿಳಿ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಸುಕ್ರೋಸ್. ಬೆಲ್ಲದ ಬಹುಪಾಲೂ ಅದೇ. ಜೊತೆಗೆ ಒಂದಿಷ್ಟು ಗ್ಲೂಕೋಸ್, ಫ್ರಕ್ಟೋಸ್, ಖನಿಜಾಂಶ ಮತ್ತು ನೀರು. ನಮ್ಮ ದೇಶದ ಆಹಾರ ನಿಯಮಗಳೇ ಬೆಲ್ಲದಲ್ಲಿ ಒಟ್ಟು ಶುಗರ್ ಶೇಕಡಾ 90ಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸುಕ್ರೋಸ್ ಶೇಕಡಾ 60ಕ್ಕೆ ಕಡಿಮೆ ಇರಬಾರದು ಎನ್ನುತ್ತವೆ. ಅಂದರೆ ಶುಗರ್ ಇಲ್ಲದ ಬೆಲ್ಲವನ್ನು ಕಾನೂನು ಬೆಲ್ಲವೆಂದೇ ಒಪ್ಪುವುದಿಲ್ಲ.

ಮೂರನೆಯದು ಆಸ್ಪತ್ರೆಯ ಶುಗರ್. “ಅವರಿಗೆ ಶುಗರ್ ಬಂದಿದೆ” ಎಂದು ನಾವು ಹೇಳುವಾಗ ಪದಾರ್ಥದ ಹೆಸರು ಕಾಯಿಲೆಯ ಹೆಸರಾಗಿಬಿಟ್ಟಿರುತ್ತದೆ. ಬರಹದ ಇಂಗ್ಲಿಷಿನಲ್ಲಿ ಕಾಯಿಲೆಗೆ ಡಯಾಬಿಟಿಸ್ ಎಂಬ ಬೇರೆಯೇ ಹೆಸರಿದೆ. ನಮ್ಮ ಹಳೆಯ ವೈದ್ಯರು ಮಧುಮೇಹ ಎಂದರು, ಮೂತ್ರ ಜೇನಿನಂತಿರುವ ರೋಗ ಎಂಬ ಅರ್ಥದಲ್ಲಿ. ಆ ಸಿಹಿ ಸಕ್ಕರೆಯದೇ ಎಂದು ತೋರಿಸಿದವನು ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್, 1776ರಲ್ಲಿ. ಅವನು ರೋಗಿಯ ಮೂತ್ರವನ್ನು ಕಾಯಿಸಿ ಬತ್ತಿಸಿದ. ತಳದಲ್ಲಿ ಉಳಿದದ್ದು ಬೆರಳಿನ ನಡುವೆ ಪುಡಿಯಾಗುವ ಹರಳು ಹರಳಾದ ಗಟ್ಟಿ. ಅದಕ್ಕೆ ಕಂದು ಸಕ್ಕರೆಯ ವಾಸನೆ ಇತ್ತು ಎಂದು ಅವನು ಬರೆದಿಟ್ಟಿದ್ದಾನೆ. ಈ ‘ಬೆರಳಿನ ನಡುವೆ ಪುಡಿಯಾಗುವ ಹರಳು’ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಂಗ್ಲಿಷರು ಮುದ್ದಿನವರನ್ನು ಶುಗರ್ ಎಂದು ಕರೆಯುವುದೂ ಉಂಟು. ಅದು ನಿಮ್ಮ ಪೊಟ್ಟಣಕ್ಕೆ ಸಂಬಂಧಿಸಿದ್ದಲ್ಲ, ಬಿಡೋಣ.

ಈಗ ಮಗಳ ಕಣ್ಣೀರಿಗೆ ಬರುತ್ತೇನೆ. ಮೊಬೈಲಿನ ಸಂದೇಶ ತಪ್ಪು. ಶಿಕ್ಷಕರು ಹೇಳಿದ್ದು ಸರಿ, ಆದರೆ ಅವರು ದಾರಿಯ ಕೊನೆಯ ಹರದಾರಿಯನ್ನು ಮಾತ್ರ ಹೇಳಿದ್ದಾರೆ. ಪೂರ್ತಿ ದಾರಿ ಎರಡು ಸಾವಿರ ವರ್ಷಕ್ಕೂ ಉದ್ದವಾದದ್ದು, ಅದು ಶುರುವಾಗುವುದು ನಮ್ಮ ದೇಶದಲ್ಲಿಯೇ.

ಸಂದೇಶ ಏಕೆ ತಪ್ಪು ಎಂಬುದಕ್ಕೆ ಇಸವಿಗಳೇ ಸಾಕು. ಇಂಗ್ಲಿಷಿನಲ್ಲಿ ಈ ಪದ ಸುಮಾರು 1300ರ ಹೊತ್ತಿಗಾಗಲೇ ಬಳಕೆಯಲ್ಲಿತ್ತು. ಅದಕ್ಕೂ ಮೊದಲೇ, 1226ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿ, ವಿಂಚೆಸ್ಟರಿನ ಜಾತ್ರೆಗೆ ಬರುವ ವ್ಯಾಪಾರಿಗಳ ಹತ್ತಿರ ಸಿಕ್ಕರೆ ಮೂರು ಪೌಂಡ್ ಅಲೆಕ್ಸಾಂಡ್ರಿಯದ ಸಕ್ಕರೆ ಕೊಂಡುಕೊಡಿ ಎಂದು ಅಲ್ಲಿನ ನಗರಾಧ್ಯಕ್ಷನಿಗೆ ಹೇಳಿ ಕಳುಹಿಸಿದ್ದ. ಮೂರು ಪೌಂಡ್ ಎಂದರೆ ಒಂದೂವರೆ ಕಿಲೋಕ್ಕಿಂತ ಕಡಿಮೆ. ಒಬ್ಬ ದೊರೆಗೆ ಅಷ್ಟು ಒಟ್ಟಿಗೆ ಸಿಕ್ಕೀತೇ ಎಂಬ ಅನುಮಾನವಿದ್ದ ಕಾಲ ಅದು. ಪೋರ್ಚುಗೀಸರ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಬ್ರಿಟಿಷ್ ಅಧಿಕಾರಿಯೊಬ್ಬ ಕನ್ನಡಿಗನ ಬಾಯಿಂದ ಸಕ್ಕರೆ ಎಂಬ ಮಾತು ಕೇಳುವುದಕ್ಕೆ ಮುನ್ನೂರು ವರ್ಷ ಮೊದಲೇ ಅವನ ಮುತ್ತಾತಂದಿರು ಆ ಪದವನ್ನು ಆಡುತ್ತಿದ್ದರು. ಕಿವಿಗೆ ಒಂದೇ ತರ ಕೇಳಿಸಿತೆಂದು ನಂಟಸ್ತನ ಕಟ್ಟಬಾರದು. ಪದಗಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಯಾವಾಗ, ಯಾವ ದಾರಿಯಿಂದ?

ಮೂಲ ಪದ ಸಂಸ್ಕೃತದ ‘ಶರ್ಕರಾ’. ಅದರ ಮೊದಲ ಅರ್ಥ ಸಿಹಿ ಪದಾರ್ಥವೇ ಅಲ್ಲ. ಗರಸು, ಸಣ್ಣ ಕಲ್ಲು, ಹರಳು ಎಂಬ ಅರ್ಥ. ಸುಶ್ರುತ ಸಂಹಿತೆಯಲ್ಲಿ ಮೂತ್ರದಲ್ಲಿ ಬೀಳುವ ಕಲ್ಲಿನ ಹರಳಿಗೂ ಶರ್ಕರಾ ಎಂದೇ ಹೆಸರು. ಕಬ್ಬಿನ ರಸ ಕಾಯಿಸಿ ಕಾಯಿಸಿ ಹರಳುಗಟ್ಟಿಸುವುದನ್ನು ನಮ್ಮವರು ಕಂಡುಕೊಂಡಾಗ, ಆ ಹರಳಿಗೆ ಗರಸಿನ ಹೆಸರನ್ನೇ ಇಟ್ಟರು.

ಹೆಸರು ಇಟ್ಟವನ ಕೈ ಏನು ಮುಟ್ಟಿತ್ತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಳೆದ ಹಂಗಾಮಿನಲ್ಲಿ ಮುಧೋಳದ ಕಡೆಯ ಒಂದು ಗಾಣಕ್ಕೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಉಕ್ಕಿ ಕೆಂಪಾಗುತ್ತಿತ್ತು. ಬೆಂಡೆಗಿಡದ ಲೋಳೆ ಹಾಕಿ ಹೊಲಸು ಮೇಲೆ ತೇಲಿಸಿ ಜಾಲರಿಯಿಂದ ತೆಗೆಯುತ್ತಿದ್ದರು. ಹದ ನೋಡುವ ಹಿರಿಯರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಹೊರಳಿಸಿ ಉಂಡೆ ಮಾಡಿ, ತಾಟಿನ ಅಂಚಿಗೆ ಹೊಡೆದರು. ಠಣ್ ಎಂದಿತು. ಸುರಿದ ಪಾಕ ಮೊದಲು ಆರುವುದು ಅಂಚಿನಲ್ಲಿ. ಅಲ್ಲಿ ಉಗುರಿನಿಂದ ಕೆರೆದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದೆ. ರವೆ ರವೆಯಾಗಿ, ಹೊಳೆಯ ದಂಡೆಯ ಮರಳಿನಂತೆ ಹತ್ತಿತು. ಶರ್ಕರಾ ಎಂದರೆ ಅದೇ. ಡಾಬ್ಸನ್ ತನ್ನ ಪಾತ್ರೆಯ ತಳದಲ್ಲಿ ಕಂಡದ್ದೂ ಅಂಥದ್ದೇ ಹರಳು. ನಾವು ಕಲ್ಲುಸಕ್ಕರೆ ಎನ್ನುವಾಗ, ಬೇರಿನ ಅರ್ಥ ಹಿಡಿದು ನೋಡಿದರೆ, ಕಲ್ಲು ಎಂಬುದನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದಂತಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಬ್ಬಿನ ಪದಾರ್ಥಗಳನ್ನು ಒಂದೇ ಉಸಿರಿನಲ್ಲಿ ಎಣಿಸಿದ್ದಾರೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತವೆಂದರೆ ನಮ್ಮ ಜೋನಿಯಂಥ ಮಂದ ಪಾಕ. ಗುಡವೆಂದರೆ ಉಂಡೆ, ಅಂದರೆ ಬೆಲ್ಲ. ಗಡಿಯಾಚೆಯ ಮರಾಠಿಯ ಗೂಳ, ಹಿಂದಿಯ ಗುಡ್ ಅಲ್ಲಿಂದ ಬಂದವು. ಕೊನೆಯ ಎರಡನ್ನು ನೋಡಿ. ಖಂಡ ಎಂದರೆ ತುಂಡು. ಅದು ಪರ್ಷಿಯನ್ನರ ಬಾಯಲ್ಲಿ ‘ಕಂದ್’ ಆಗಿ, ಅರಬ್ಬರ ಮೂಲಕ ಫ್ರೆಂಚಿಗೆ ಹೋಗಿ, ಇಂಗ್ಲಿಷಿನ ‘ಕ್ಯಾಂಡಿ’ ಆಯಿತು. ಶರ್ಕರಾ ‘ಶುಗರ್’ ಆಯಿತು. ಒಂದು ಸಾಲಿನಲ್ಲಿ ಅಕ್ಕಪಕ್ಕ ಕುಳಿತಿದ್ದ ಎರಡು ಪದಗಳು ಇಂದಿಗೂ ಇಂಗ್ಲಿಷಿನ ಮಿಠಾಯಿ ಅಂಗಡಿಯಲ್ಲಿ ಅಕ್ಕಪಕ್ಕ ಇವೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಶರ್ಕರಾ ಹೊರಟ ದಾರಿಗಳು ಮೂರು.

ಮೊದಲನೆಯದು ನಮ್ಮ ಮನೆಗೆ ಬಂದ ದಾರಿ. ಜನಸಾಮಾನ್ಯರ ಪ್ರಾಕೃತದಲ್ಲಿ ‘ಶ’ ‘ಸ’ ಆಯಿತು, ನಡುವಿನ ‘ರ’ ಬಿದ್ದು ಮುಂದಿನ ಅಕ್ಷರ ಒತ್ತಾಯಿತು. ಶರ್ಕರಾ ಹೀಗೆ ‘ಸಕ್ಕರಾ’ ಆಗಿ ಕನ್ನಡದಲ್ಲಿ ಸಕ್ಕರೆಯಾಗಿ ನಿಂತಿತು. ವರ್ಣ ಬಣ್ಣವಾದದ್ದು, ಚೂರ್ಣ ಸುಣ್ಣವಾದದ್ದು, ಕಾರ್ಯ ಕಜ್ಜವಾದದ್ದು ಇದೇ ಬಗೆಯಲ್ಲಿ. ಮಗಳ ವ್ಯಾಕರಣ ಪುಸ್ತಕದ ತತ್ಸಮ ತದ್ಭವ ಪಾಠದಲ್ಲಿ ಇಂಥ ಜೋಡಿಗಳು ಸಾಲಾಗಿ ಸಿಗುತ್ತವೆ. ನಮ್ಮ ಅಚ್ಚ ಪದಗಳಲ್ಲೂ ಇದು ನಡೆದಿದೆ: ಹಳಗನ್ನಡದ ‘ಕರ್ಬು’ ಕಬ್ಬಾಯಿತು, ‘ಇರ್ದ’ ಇದ್ದ ಆಯಿತು. ಕಬ್ಬೂ ಸಕ್ಕರೆಯೂ ಒಂದೇ ತರಹ ‘ರ’ ಕಳೆದುಕೊಂಡು ಒತ್ತು ಪಡೆದವು.

ಎರಡನೆಯದು ಗ್ರೀಕರ ಕಡೆಗೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್ ಭಾರತದ ಕಬ್ಬು ಕಂಡು, ಜೇನ್ನೊಣವಿಲ್ಲದೆ ಜೇನು ಕೊಡುವ ಜೊಂಡು ಎಂದು ವರ್ಣಿಸಿದ. ಕ್ರಿಸ್ತಶಕ ಒಂದನೆಯ ಶತಮಾನದ ಹೊತ್ತಿಗೆ ಗ್ರೀಕರಲ್ಲಿ ‘ಸಾಕ್ಖರಾನ್’ ಎಂಬ ಪದವಿದೆ. ಡಯಾಸ್ಕೊರಿಡಿಸ್ ಎಂಬ ವೈದ್ಯ, ಅದು ಉಪ್ಪಿನಂತೆ ಗಟ್ಟಿ, ಹಲ್ಲಿನ ನಡುವೆ ಪುಡಿಯಾಗುತ್ತದೆ ಎಂದು ಬರೆದ. ಈ ಗ್ರೀಕ್ ರೂಪವನ್ನು ಬಾಯಿಬಿಟ್ಟು ಹೇಳಿ ನೋಡಿ. ಶರ್ಕರಾಕ್ಕಿಂತ ನಮ್ಮ ಸಕ್ಕರೆಗೇ ಹತ್ತಿರವಾಗಿದೆ. ಕಾರಣ, ಅವರೂ ನಾವೂ ಎತ್ತಿಕೊಂಡದ್ದು ಪಂಡಿತರ ಸಂಸ್ಕೃತದಿಂದಲ್ಲ, ಸಂತೆಯ ಪ್ರಾಕೃತದಿಂದ. ಆದರೆ ಈ ದಾರಿ ಶುಗರ್‌ಗೆ ಹೋಗುವುದಿಲ್ಲ. ಅದು ಲ್ಯಾಟಿನ್ನಿಗೆ ಹೋಗಿ ವಿಜ್ಞಾನದ ಹೆಸರುಗಳಲ್ಲಿ ಉಳಿಯಿತು. ಕಬ್ಬಿನ ಶಾಸ್ತ್ರೀಯ ಹೆಸರು ಸ್ಯಾಕರಂ ಅಫಿಸಿನೇರಂ. 1879ರಲ್ಲಿ ಕಂಡುಹಿಡಿದ ಕೃತಕ ಸಿಹಿಯ ಹೆಸರು ಸ್ಯಾಕರಿನ್. ಶುಗರ್ ಇರುವವರಿಗೆಂದು ಮಾರುವ ಸಿಹಿ ಗುಳಿಗೆಯ ಹೆಸರಿನಲ್ಲೂ ಶರ್ಕರೆ ಅಡಗಿದೆ.

ಮೂರನೆಯದೇ ಶುಗರ್‌ನ ದಾರಿ. ಪರ್ಷಿಯನ್ನರು ‘ಶಕರ್’ ಎಂದರು. ಅರಬ್ಬರು ‘ಸುಕ್ಕರ್’ ಎಂದರು. ಅರಬ್ಬರು ಕಬ್ಬಿನ ಬೇಸಾಯವನ್ನೂ ಪದವನ್ನೂ ಈಜಿಪ್ಟ್, ಸಿಸಿಲಿ, ಸ್ಪೇನ್‌ಗಳಿಗೆ ಒಯ್ದರು. ಇಟಲಿಯಲ್ಲಿ ಅದು ‘ಝುಕ್ಕೆರೊ’, ಜರ್ಮನಿಯಲ್ಲಿ ‘ಝುಕರ್’, ಫ್ರಾನ್ಸಿನಲ್ಲಿ ‘ಸುಕ್ರ್’. ಸ್ಪೇನಿನವರು ಅರಬ್ಬಿಯಲ್ಲಿ ಹೆಸರಿನ ಮುಂದೆ ಬರುವ ‘ಅಲ್’ ಎಂಬುದನ್ನೂ ಸೇರಿಸಿಕೊಂಡು ‘ಅಸೂಕರ್’ ಮಾಡಿದರು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ‘ಕ’ ಮೆತ್ತಗಾಗಿ ‘ಗ’ ಆಯಿತು. ನಮ್ಮ ಆಕಾಶ ಆಗಸವಾಗಲಿಲ್ಲವೇ, ಹಾಗೆ. ಶಿಕ್ಷಕರು ಹೇಳಿದ ಫ್ರೆಂಚ್ ಈ ಕೊನೆಯ ಕೊಂಡಿ.

ಇಲ್ಲಿ ನಿಮ್ಮ ತಮ್ಮ ಒಂದು ಆಕ್ಷೇಪ ಎತ್ತಬಹುದು. ಆ ಸಂದೇಶದ ಇನ್ನೊಂದು ರೂಪ ನನಗೂ ಬಂದಿತ್ತು: “ಫ್ರೆಂಚಿನಲ್ಲಿ ‘ಸ’ ಇದೆ, ಇಂಗ್ಲಿಷಿನಲ್ಲಿ ‘ಶ’ ಇದೆ, ಶರ್ಕರಾದಲ್ಲೂ ‘ಶ’ ಇದೆ, ಆದ್ದರಿಂದ ಇಂಗ್ಲಿಷರು ನೇರವಾಗಿ ಭಾರತದಿಂದ ಪಡೆದರು” ಎಂದು. ಕೇಳಲು ಜಾಣತನದ ವಾದ. ಆದರೆ ಆ ‘ಶ’ ಇಂಗ್ಲಿಷಿನ ಸ್ವಂತ ಬೆಳೆ. ಶರ್ಕರಾದ ‘ಶ’ ಅರಬ್ಬಿಯಲ್ಲೇ ‘ಸ’ ಆಗಿ ಹೋಗಿತ್ತು. ಇಂಗ್ಲಿಷರು ಮೊದಲು ‘ಸ್ಯು’ ಎಂಬಂತೆ ಉಚ್ಚರಿಸುತ್ತಿದ್ದರು, ಹದಿನೇಳನೆಯ ಶತಮಾನದ ಸುಮಾರಿಗೆ ಅದು ಕೂಡಿಕೊಂಡು ‘ಶು’ ಆಯಿತು. ಅದಕ್ಕೇ ಇವತ್ತಿಗೂ ಬರೆಯುವುದು ‘ಎಸ್’ನಿಂದ, ಓದುವುದು ‘ಶ’ ಎಂದು. ಇದಕ್ಕೆ ಸಾಕ್ಷಿ ಮಗಳ ಪಠ್ಯದಲ್ಲೇ ಇದೆ. ‘ಶೂರ್’ ಎಂಬ ಇನ್ನೊಂದು ಇಂಗ್ಲಿಷ್ ಪದ, ‘ಖಂಡಿತ’ ಎಂಬ ಅರ್ಥದ್ದು, ಅದನ್ನೂ ‘ಎಸ್’, ‘ಯು’ ಎಂದೇ ಬರೆದು ‘ಶ’ ಎಂದೇ ಓದುತ್ತಾರೆ. ಅದೂ ಫ್ರೆಂಚಿನಿಂದ ಬಂದದ್ದೇ. ಅದಕ್ಕೂ ಶರ್ಕರೆಗೂ ಯಾವ ನಂಟೂ ಇಲ್ಲ. ಒಂದೇ ನಾಲಿಗೆ ಎರಡು ಪದಗಳನ್ನು ಒಂದೇ ಬಗೆಯಲ್ಲಿ ತಿರುಗಿಸಿತು, ಅಷ್ಟೇ. ಮಗಳು ನಾಳೆ ಈ ಜೋಡಿಯನ್ನು ಹಿಡಿದುಕೊಂಡು ಶಿಕ್ಷಕರ ಹತ್ತಿರ ಹೋಗಲಿ. ವಾದಕ್ಕಲ್ಲ, “ಸರ್, ಫ್ರೆಂಚಿಗಿಂತ ಹಿಂದೆ ಎಲ್ಲಿತ್ತು?” ಎಂದು ಕೇಳುವುದಕ್ಕೆ. ಇಂಥ ಪ್ರಶ್ನೆ ಬಂದಾಗ ಸಂತೋಷಪಡದ ಭಾಷಾ ಶಿಕ್ಷಕರನ್ನು ನಾನು ಕಂಡದ್ದು ಬಹಳ ಕಡಿಮೆ.

ಹಾಗಾದರೆ ನಂಟು ಏನು? ಸಕ್ಕರೆ ಶುಗರ್‌ನ ತಾಯಿಯಲ್ಲ. ಇಬ್ಬರೂ ಅಕ್ಕತಂಗಿಯರು, ಒಬ್ಬಳು ತವರಿನ ಹತ್ತಿರವೇ ಉಳಿದಳು, ಇನ್ನೊಬ್ಬಳನ್ನು ದೂರದ ಊರಿಗೆ ಕೊಟ್ಟರು.

ನಿಮ್ಮ ಮನೆಯ ಪದಾರ್ಥಕ್ಕೆ ಇನ್ನೂ ಹತ್ತಿರದ ಒಂದು ಪದವನ್ನು ನಿಮ್ಮ ತಮ್ಮ ಗಮನಿಸಿಯೇ ಇಲ್ಲ. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ‘ಜ್ಯಾಗರಿ’ ಎನ್ನುತ್ತಾರಲ್ಲ, ಅದು ಯುರೋಪು ಸುತ್ತಿ ಬಂದದ್ದಲ್ಲ. ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇಲ್ಲಿಯ ಜನರ ಬಾಯಿಂದ ಕೇಳಿ ‘ಜಾಗರ’ ಎಂದು ಹಿಡಿದರು. ಹದಿನಾರನೆಯ ಶತಮಾನದ ಕೊನೆಗೆ ಅದು ಇಂಗ್ಲಿಷಿಗೆ ದಾಟಿತು. ಅವರು ಕೇಳಿದ್ದು ಮಲಯಾಳದ ‘ಚಕ್ಕರ’ವೋ ಕನ್ನಡದ ರೂಪವೋ ಎಂಬಲ್ಲಿ ನಿಘಂಟುಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ಮಲಯಾಳದತ್ತ, ಕೆಲವು ಕನ್ನಡದತ್ತ ಕೈ ತೋರುತ್ತವೆ. ಕರಾವಳಿಯಲ್ಲಿ ಅವರು ಹೆಚ್ಚಾಗಿ ಕಂಡದ್ದು ತೆಂಗು ತಾಳೆಯ ಬೆಲ್ಲ, ಕಬ್ಬಿನದಲ್ಲ. ಆದರೂ ಬೇರು ಮಾತ್ರ ಅದೇ ಶರ್ಕರಾ. ಶುಗರ್ ದೂರದ ತಂಗಿಯಾದರೆ ಜ್ಯಾಗರಿ ಪಕ್ಕದ ಓಣಿಯವಳು.

ಇನ್ನು ‘ಬೆಲ್ಲ’. ಇದು ಈ ಮನೆತನದ್ದೇ ಅಲ್ಲ. ತಮಿಳಿನಲ್ಲಿ ವೆಲ್ಲಂ, ತೆಲುಗಿನಲ್ಲಿ ಬೆಲ್ಲಮು. ತಮಿಳಿನ ವೆಳ್ಳಿ ನಮ್ಮಲ್ಲಿ ಬೆಳ್ಳಿ ಆಗುವಂತೆ ವೆಲ್ಲಂ ಬೆಲ್ಲವಾಗುತ್ತದೆ. ಕಬ್ಬು ಸಹ ಹಾಗೆಯೇ, ತಮಿಳಿನಲ್ಲಿ ಕರುಂಬು. ಬೆಳೆಯ ಹೆಸರೂ, ನಿಮ್ಮ ಗಾಣದಿಂದ ಹೊರಬರುವ ಪೆಂಟೆಯ ಹೆಸರೂ ದ್ರಾವಿಡ ಮಾತುಗಳು. ಹರಳಿನ ಹೆಸರು ಮಾತ್ರ ಉತ್ತರದಿಂದ ಬಂದದ್ದು. ಗೌರಿ ಹುಣ್ಣಿಮೆಗೆ ನಮ್ಮಲ್ಲಿ ಸಕ್ಕರೆ ಆರತಿ ಮಾಡುತ್ತೇವೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುತ್ತೇವೆ. ಎರಡೂ ಪದಗಳು ನಮ್ಮವೇ ಆಗಿಹೋಗಿವೆ. ಒಂದು ಹುಟ್ಟಿನಿಂದ, ಒಂದು ಬಳಕೆಯಿಂದ.

ಈಗ ಪೊಟ್ಟಣ. ಮೇಲಿನ ಸಾಲನ್ನು ಇದ್ದಂತೆಯೇ ಬಿಟ್ಟರೆ ಏನಾಗುತ್ತದೆ? ಕಾನೂನಿನ ತೊಡಕೇನೂ ಬರಲಿಕ್ಕಿಲ್ಲ. ಆದರೆ ಬೆಳಗಾವಿಯಲ್ಲಿ ನಿಘಂಟು ತೆಗೆದು ನೋಡುವ ಕಾಲೇಜಿನ ಮಕ್ಕಳಿದ್ದಾರೆ. ಪೊಟ್ಟಣದ ಮೊದಲ ಸಾಲೇ ತಪ್ಪು ಎಂದು ತಿಳಿದ ಮೇಲೆ, ನಾಳೆ ನೀವು ‘ರಾಸಾಯನಿಕ ಹಾಕಿಲ್ಲ’ ಎಂದರೂ ಅವರು ಏಕೆ ನಂಬಬೇಕು? ನಿಮ್ಮ ಮಗಳಂತೆ ಅದನ್ನು ಓದಿ ತರಗತಿಯಲ್ಲಿ ಹೇಳುವ ಮಕ್ಕಳೂ ಇರುತ್ತಾರೆ.

‘ಸಕ್ಕರೆ, ಶುಗರ್, ಜ್ಯಾಗರಿ: ಮೂರಕ್ಕೂ ಬೇರು ಶರ್ಕರಾ’ ಎಂದು ಬರೆಸಬಹುದು. ಅದು ಸತ್ಯ. ಯಾರು ಪ್ರಶ್ನಿಸಿದರೂ ನಿಲ್ಲುತ್ತದೆ. ಅದರ ತೊಂದರೆ ಏನೆಂದರೆ ಬೆಲ್ಲದ ಪೊಟ್ಟಣದ ಮುಖದ ಮೇಲೆ ಶುಗರ್ ಎಂಬ ಪದ ದೊಡ್ಡದಾಗಿ ಕೂರುತ್ತದೆ. ಅವಸರದಲ್ಲಿ ಕೊಳ್ಳುವವರು ಏನೆಂದುಕೊಳ್ಳುತ್ತಾರೋ ಹೇಳಲಾಗದು. ಬರೆಸುವುದಾದರೆ ಹಿಂಬದಿಗೆ ಹಾಕಿ, ನಾಲ್ಕು ಸಾಲಿನ ಕಥೆಯಾಗಿ.

‘ಜ್ಯಾಗರಿ ಎಂಬ ಹೆಸರು ಹುಟ್ಟಿದ್ದು ಕನ್ನಡದಿಂದ’ ಎಂದು ಬರೆಸುವ ಆಸೆ ಈಗ ತಮ್ಮನಿಗೆ ಬರಬಹುದು. ಬೇಡ. ಮಲಯಾಳದ ವಿಷಯ ಮೇಲೆ ಹೇಳಿದ್ದೇನೆ. ‘ದಕ್ಷಿಣ ಭಾರತದ ಕರಾವಳಿಯಿಂದ ಇಂಗ್ಲಿಷಿಗೆ ಹೋದ ಹೆಸರು’ ಎಂದರೆ ಸಾಕು, ಅಷ್ಟು ಗಟ್ಟಿ ನೆಲ.

ನನ್ನನ್ನೇ ಕೇಳಿದರೆ, ಮುಂದುಗಡೆ ದೊಡ್ಡ ಅಕ್ಷರದಲ್ಲಿ ‘ಬೆಲ್ಲ’ ಎಂದು, ಅದರ ಕೆಳಗೆ ನಿಮ್ಮ ಊರಿನ ಹೆಸರು ಮತ್ತು ಗಾಣಕ್ಕೆ ಎಷ್ಟು ವರ್ಷವಾಯಿತು ಎಂಬುದನ್ನು ಬರೆಸುತ್ತೇನೆ. ಕನ್ನಡದ ಅಭಿಮಾನ ತೋರಿಸಬೇಕೆಂಬ ತಮ್ಮನ ಆಸೆ ನನಗೆ ಮೆಚ್ಚುಗೆಯಾಗಿದೆ. ಅದಕ್ಕೆ ಈ ಎರಡಕ್ಷರದ ಪದ ಶುಗರ್‌ಗಿಂತ ಹೆಚ್ಚು ಯೋಗ್ಯ. ಒಂದೇ ಕೊರತೆ, ಕನ್ನಡ ಓದಲು ಬಾರದ ಗಿರಾಕಿಗೆ ಅದು ಮುಟ್ಟುವುದಿಲ್ಲ. ಬೆಳಗಾವಿಯ ಅಂಗಡಿಗಳಿಗೆ ಕೊಡುವುದಾದರೆ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪದಾರ್ಥದ ಹೆಸರು ಸಣ್ಣದಾಗಿ ಇರಲಿ.

ಕೆಳಗಿನ ‘ಶುಗರ್ ಫ್ರೀ’ ವಿಷಯದಲ್ಲಿ ಆಯ್ಕೆಯೇ ಇಲ್ಲ, ತೆಗೆಯಲೇಬೇಕು. ನಮ್ಮ ಆಹಾರ ನಿಯಮದ ಪ್ರಕಾರ ಹಾಗೆ ಬರೆಯಬೇಕಾದರೆ ನೂರು ಗ್ರಾಂ ಪದಾರ್ಥದಲ್ಲಿ ಶುಗರ್ 0.5 ಗ್ರಾಂ ಮೀರಬಾರದು. ಬೆಲ್ಲಕ್ಕೂ ಆ ಮಾತಿಗೂ ಎಲ್ಲಿಂದೆಲ್ಲಿಗೆ? ಕಾನೂನಿಗಿಂತ ಮೊದಲು, ಆ ಎರಡು ಪದಗಳು ಈಗಾಗಲೇ ನಿಮ್ಮ ಮನೆಯಲ್ಲೇ ಏನು ಮಾಡಿವೆ ಎಂಬುದನ್ನು ತಮ್ಮನಿಗೆ ತೋರಿಸಿ. ನಮೂನೆ ನೋಡಿದ ಒಬ್ಬರೇ ಒಬ್ಬರು ಹಿರಿಯರು ನಂಬಿಬಿಟ್ಟರು. ಅಂಗಡಿಗೆ ಹೋದ ಮೇಲೆ ಎಷ್ಟು ಮನೆಯ ಅವ್ವಂದಿರು ನಂಬುತ್ತಾರೆ ಎಂದು ಯೋಚಿಸಿದರೆ ನನಗೆ ಭಯವಾಗುತ್ತದೆ.

ತಮ್ಮ ಹೇಳಬೇಕೆಂದಿರುವುದು ಇದಿರಬೇಕು: ಕೆಲವರು ಬಣ್ಣಕ್ಕೂ ತೂಕಕ್ಕೂ ಕೊಪ್ಪರಿಗೆಗೆ ಕಾರ್ಖಾನೆಯ ಸಕ್ಕರೆ ಸುರಿಯುತ್ತಾರೆ, ನಾವು ಸುರಿಯುವುದಿಲ್ಲ. ಅದು ಹೆಮ್ಮೆಯ ಮಾತು, ಹೇಳಲೇಬೇಕು. ಆದರೆ ಇಂಗ್ಲಿಷಿನ ‘ನೋ ಆ್ಯಡೆಡ್ ಶುಗರ್’ ಎಂಬ ಸಿದ್ಧ ಮಾತಿಗೆ ಕೈ ಹಾಕಬೇಡಿ. ಅದಕ್ಕೂ ನಿಯಮಗಳಿವೆ, ಹಿರಿಯರು ಅದರಲ್ಲೂ ‘ನೋ ಶುಗರ್’ ಎಂಬಷ್ಟನ್ನೇ ಓದಿಕೊಳ್ಳುತ್ತಾರೆ. ಕನ್ನಡದಲ್ಲೇ ಬಿಡಿಸಿ ಬರೆಯಿರಿ: ‘ಕಬ್ಬಿನ ಹಾಲಿನಿಂದ ಮಾತ್ರ ಮಾಡಿದ್ದು. ಕಾರ್ಖಾನೆಯ ಸಕ್ಕರೆ ಬೆರೆಸಿಲ್ಲ.’ ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ: ‘ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.’ ಈ ಎರಡನೆಯ ಸಾಲಿನಿಂದ ನಾಲ್ಕು ಗಿರಾಕಿಗಳು ಹಿಂದೆ ಸರಿಯಬಹುದು, ಅದನ್ನು ಮುಚ್ಚಿ ಹೇಳುವುದಿಲ್ಲ. ಆದರೂ ಬರೆಸಿ. ಅಚ್ಚಿಗೆ ಹೋಗುವ ಮುನ್ನ ಆಹಾರ ಪರವಾನಗಿಯ ಕೆಲಸ ತಿಳಿದವರಿಗೆ ಇಡೀ ನಮೂನೆಯನ್ನು ಒಮ್ಮೆ ತೋರಿಸಿ. ಭಾಷೆಯ ಮಟ್ಟಿಗೆ ನಾನು ಹೊಣೆ ಹೊರಬಲ್ಲೆ, ನಿಯಮದ ಒಳಸುಳಿ ಅವರಿಗೇ ಗೊತ್ತು.

ಅದಾದ ಮೇಲೆ ಹೊಸ ನಮೂನೆಯನ್ನು ಅವ್ವನ ಕೈಗೆ ಕೊಡಿ. ಏನೂ ವಿವರಿಸಬೇಡಿ. ಅವರು ಓದಲಿ, ಓದಲು ಬಾರದಿದ್ದರೆ ಮಗಳು ಇದ್ದಂತೆಯೇ ಓದಿ ಹೇಳಲಿ. ಆಮೇಲೆ, “ಅವ್ವಾ, ಇದನ್ನು ನೀನು ಚಹಾಕ್ಕೆ ಹಾಕಿಕೊಳ್ಳಬಹುದೇ?” ಎಂದು ಕೇಳಿ. ಅವರು “ಡಾಕ್ಟರನ್ನು ಕೇಳಬೇಕು” ಎಂದರೆ ಅಚ್ಚಿಗೆ ಕಳುಹಿಸಿ. “ಹಾಕಿಕೊಳ್ಳಬಹುದು” ಎಂದರೆ ಇನ್ನೊಮ್ಮೆ ತಿದ್ದೋಣ, ನನಗೆ ಬರೆಯಿರಿ.